ಕತೆ ಯಾರದು, ಚಿತ್ರಕಥೆ ಯಾರದು?

ಚಲನಚಿತ್ರಕ್ಕೆ ಬರೆಯುವವರಿಗೆ ವರ್ಷ ವರ್ಷ ಕೊಡುವ ಪ್ರಶಸ್ತಿಗಳ ವಿಷಯ ಬಂದಾಗಲೆಲ್ಲ ನನಗೆ 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ನೆನಪಾಗುತ್ತದೆ. 2009ರ ಚಿತ್ರಗಳಿಗೆ ಸಂಬಂಧಿಸಿದ ಆ ಪಟ್ಟಿ 2010ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಒಂದೇ ಆಗಿದ್ದ ಚಿತ್ರಕಥೆಯ ಪ್ರಶಸ್ತಿಯನ್ನು ಆ ವರ್ಷ ಮೂರಾಗಿ ಒಡೆದರು: ಸ್ವತಂತ್ರ ಚಿತ್ರಕಥೆಗೊಂದು, ಕತೆ ಕಾದಂಬರಿಗಳಿಂದ ರೂಪಾಂತರಿಸಿದ ಚಿತ್ರಕಥೆಗೊಂದು, ಸಂಭಾಷಣೆಗೊಂದು. ಮೊದಲನೆಯದು ಮಲೆಯಾಳದ ‘ಕುಟ್ಟಿ ಸ್ರಾಂಕ್’ ಚಿತ್ರಕ್ಕಾಗಿ ಪಿ. ಎಫ್. ಮ್ಯಾಥ್ಯೂಸ್ ಮತ್ತು ಹರಿಕೃಷ್ಣ ಅವರಿಗೆ, ಎರಡನೆಯದು ಕನ್ನಡದ ‘ಕನಸೆಂಬ ಕುದುರೆಯನೇರಿ’ಗಾಗಿ ಗೋಪಾಲಕೃಷ್ಣ ಪೈ ಮತ್ತು ಗಿರೀಶ ಕಾಸರವಳ್ಳಿ ಅವರಿಗೆ, ಮೂರನೆಯದು ತಮಿಳಿನ ‘ಪಸಂಗ’ಕ್ಕಾಗಿ ಪಾಂಡಿರಾಜ್ ಅವರಿಗೆ ಹೋಯಿತು. ಮಲೆಯಾಳ, ಕನ್ನಡ, ತಮಿಳು. ಮೂರು ರಾಜ್ಯಗಳ ಗಡಿಗಳಿಗೆ ಸಿಕ್ಕಿಕೊಂಡು ಬದುಕುವ ನಮ್ಮಂಥವರು ಹಿಗ್ಗಬೇಕಾದ ಪಟ್ಟಿ ಅದು. ಆದರೆ ಆ ದಿನಗಳಲ್ಲಿ ಯಾರ ಬಾಯಲ್ಲಿಯೂ ಇದರ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ಶ್ರೇಷ್ಠ ನಟ ಯಾರು, ಶ್ರೇಷ್ಠ ನಟಿ ಯಾರು ಎಂಬುದು ಚಹದಂಗಡಿಯವರೆಗೆ ಬಂದು ತಲುಪಿತು. ಬರೆದವರ ಹೆಸರು ಪಟ್ಟಿಯಲ್ಲಿಯೇ ಉಳಿಯಿತು.

ಈ ವಾರ್ಷಿಕದ ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆಯ ಗುರುತು ಇರಲಾರದು. ಸತ್ಯಮಂಗಲದಿಂದ ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದರೆ ನಮ್ಮ ತಾಳವಾಡಿ ಬೆಟ್ಟಸೀಮೆ. ಆಚೆ ಕಡೆ ಹೋದರೆ ಚಾಮರಾಜನಗರ. 1956ರಲ್ಲಿ ನೀವು ಕೇರಳಕ್ಕೆ ಸೇರಿದಿರಿ. ಅದೇ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು, ಅದರ ಪಕ್ಕದ ನಾವು ಮದ್ರಾಸಿನಲ್ಲಿಯೇ ಉಳಿದೆವು. ಈಗ ಈರೋಡು ಜಿಲ್ಲೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ನಾನು ಇಲ್ಲಿಯ ಬ್ಯಾಂಕೊಂದರಲ್ಲಿ ಗುಮಾಸ್ತ. ಕನ್ನಡದಲ್ಲಿ ಮಾತನಾಡುತ್ತ ಬರುವ ಗಿರಾಕಿಗೆ ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾದ ಚಲನ್ ತುಂಬಿಕೊಡುವುದು ನನ್ನ ದಿನನಿತ್ಯದ ಕೆಲಸ. ಬಿ.ಎ.ಯಲ್ಲಿ ಕನ್ನಡ ಓದಿದ್ದೇನೆ ಎಂಬುದನ್ನು ಬಿಟ್ಟರೆ ವಿಮರ್ಶೆ ಬರೆಯಲು ನನಗೆ ಬೇರೆ ಅಧಿಕಾರವಿಲ್ಲ.

ಹೀಗಿರುವ ನಾಡಿನಲ್ಲಿ ಕನ್ನಡ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ಶಾಲೆಯ ಜೊತೆಗೆ ಸಿನಿಮಾವನ್ನೂ ನಾನು ಹೆಸರಿಸುತ್ತೇನೆ. ರಾಜಕುಮಾರ್ ಹುಟ್ಟಿದ ಗಾಜನೂರು ನಮ್ಮದೇ ಸೀಮೆಯ ಊರು. ನಮ್ಮ ತಂದೆಯ ತಲೆಮಾರಿನವರು ಅಣ್ಣಾವ್ರ ಚಿತ್ರಗಳ ಸಂಭಾಷಣೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಪತ್ರ ಬರೆಯುವಾಗ, ಪಂಚಾಯಿತಿಯಲ್ಲಿ ಎದ್ದು ನಿಂತು ನಾಲ್ಕು ಮಾತಾಡುವಾಗ ಅವರ ಬಾಯಿಗೆ ಬರುತ್ತಿದ್ದ ಕನ್ನಡ ಪಠ್ಯಪುಸ್ತಕದ್ದಲ್ಲ, ಆ ಚಿತ್ರಗಳದ್ದು. ಆ ಮಾತುಗಳನ್ನು ಆಡಿದವರು ನಮ್ಮೂರಿನವರು, ಬರೆದವರು ಚಿ. ಉದಯಶಂಕರ್, ಹುಣಸೂರು ಕೃಷ್ಣಮೂರ್ತಿ, ಜಿ. ವಿ. ಅಯ್ಯರ್ ಮುಂತಾದವರು. ಗಾಜನೂರಿನ ಮನೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. 1993ರಲ್ಲಿ ತೀರಿಕೊಂಡ ಚಿ. ಉದಯಶಂಕರ್ ಅವರ ಕೈಬರಹದ ಒಂದು ಸಂಭಾಷಣಾ ಪುಟವನ್ನು ನೋಡಲು ಎಲ್ಲಿಗೆ ಹೋಗಬೇಕು? ಪ್ರಶಸ್ತಿಗಳ ಬಗ್ಗೆ ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ.

ಮೊದಲು ಹೆಸರಿನ ಗೊಂದಲ. ಮಲೆಯಾಳದಲ್ಲಿ ತಿರಕ್ಕಥ, ತಮಿಳಿನಲ್ಲಿ ತಿರೈಕ್ಕದೈ. ಎರಡರಲ್ಲಿಯೂ ತೆರೆಯಿದೆ. ನಾವು ಮಾತ್ರ ಚಿತ್ರಕಥೆ ಎಂದೆವು. ನನ್ನ ವಯಸ್ಸಿನವರಿಗೆ ಚಿತ್ರಕಥೆ ಎಂದರೆ ಬಾಲ್ಯದಲ್ಲಿ ಓದಿದ ಅಮರ ಚಿತ್ರಕಥೆಯ ಬಣ್ಣದ ಪುಸ್ತಕ. ಸಿನಿಮಾದ ಕತೆ ಬೇರೆ, ಚಿತ್ರಕಥೆ ಬೇರೆ, ಸಂಭಾಷಣೆ ಬೇರೆ ಎಂದು ಟೈಟಲ್ ಕಾರ್ಡಿನಲ್ಲಿ ಓದುತ್ತೇವಾದರೂ ನಡುವಿನದು ಏನು ಎಂದು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. ನನಗೆ ತಿಳಿದಂತೆ ಹೇಳುವುದಾದರೆ, ಏನಾಯಿತು ಎಂಬುದು ಕತೆ. ಅದನ್ನು ಯಾವುದರ ನಂತರ ಯಾವುದನ್ನು ತೋರಿಸಿ, ಯಾವುದನ್ನು ಮರೆಮಾಡಿ, ಯಾರ ಕಣ್ಣಿನಿಂದ ಕಾಣಿಸಬೇಕು ಎಂಬ ತೀರ್ಮಾನ ಚಿತ್ರಕಥೆ. ಆ ತೀರ್ಮಾನದ ಒಳಗೆ ಪಾತ್ರಗಳು ಬಾಯಿಬಿಟ್ಟು ಆಡುವುದು ಸಂಭಾಷಣೆ. ಕರ್ನಾಟಕ ಸರ್ಕಾರ 1966–67ರಿಂದ ರಾಜ್ಯ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಕತೆ, ಚಿತ್ರಕಥೆ, ಸಂಭಾಷಣೆ ಮೂರಕ್ಕೂ ಅಲ್ಲಿ ಬೇರೆ ಬೇರೆ ಬಹುಮಾನವಿದೆ. ಈ ಮೂರರ ಗಡಿ ಎಲ್ಲಿ ಎಂಬುದನ್ನು ಒಂದು ಚಿತ್ರ ಕನ್ನಡಿಯಂತೆ ತೋರಿಸಿಕೊಟ್ಟಿದೆ. ಅದು ‘ನಾಗರಹಾವು’.

1972–73ರ ರಾಜ್ಯ ಪ್ರಶಸ್ತಿಗಳಲ್ಲಿ ‘ನಾಗರಹಾವು’ ಚಿತ್ರದ ಕತೆಗೆ ತ. ರಾ. ಸುಬ್ಬರಾಯರಿಗೆ, ಚಿತ್ರಕಥೆಗೆ ಪುಟ್ಟಣ್ಣ ಕಣಗಾಲರಿಗೆ, ಸಂಭಾಷಣೆಗೆ ಚಿ. ಉದಯಶಂಕರ್ ಅವರಿಗೆ ಪ್ರಶಸ್ತಿ ಬಂತು. ಒಂದೇ ಚಿತ್ರಕ್ಕೆ ಬರವಣಿಗೆಯ ಮೂರೂ ಪ್ರಶಸ್ತಿ, ಮೂವರಿಗೆ. ಸೊಗಸೆಂದರೆ, ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಬೇಸರಪಟ್ಟುಕೊಂಡ ಮಾತು ಕನ್ನಡ ನಾಡಿನಲ್ಲಿ ಗಾದೆಯಷ್ಟೇ ಪ್ರಸಿದ್ಧ. ಸರ್ಕಾರದ ಸಮಿತಿ ಕತೆಗಾರನನ್ನೂ ಗೌರವಿಸಿತು, ಆ ಕತೆಗಾರ ಒಪ್ಪದ ಚಿತ್ರಕಥೆಯನ್ನೂ ಗೌರವಿಸಿತು. ಹಲವರು ಇದನ್ನು ನಗೆಯ ಪ್ರಸಂಗವಾಗಿ ಹೇಳುತ್ತಾರೆ. ನನಗೆ ಇದು ಸರಿಯಾದ ತೀರ್ಪೆಂದೇ ಕಾಣುತ್ತದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳ ಸಾಮಗ್ರಿಯನ್ನು ಒಂದು ಚಿತ್ರಕ್ಕೆ ಇಳಿಸಬೇಕಾದವನು ಎಲ್ಲವನ್ನೂ ಹೊತ್ತು ತರಲಾರ. ಪುಟ್ಟಣ್ಣ ರಾಮಾಚಾರಿಯ ಮಗ್ಗುಲಿಗೆ ಚಾಮಯ್ಯ ಮೇಷ್ಟರನ್ನು ನಿಲ್ಲಿಸಿ ಇಡೀ ಚಿತ್ರವನ್ನು ಆ ಇಬ್ಬರ ನಡುವಿನ ಎಳೆದಾಟವಾಗಿ ಕಟ್ಟಿದರು. ಹುಡುಗ ಪ್ರೀತಿಸಿದ್ದನ್ನೆಲ್ಲ ಮೇಷ್ಟರ ಮಾತಿಗಾಗಿ ಬಿಡುತ್ತಾನೆ. ಕೊನೆಗೆ ಬಿಡಲಾರದೆ ಮೇಷ್ಟರನ್ನೇ ಕಳೆದುಕೊಳ್ಳುತ್ತಾನೆ. ಬೆಟ್ಟದ ತುದಿಯ ಆ ಕೊನೆಯ ದೃಶ್ಯ ನಮ್ಮಲ್ಲಿ ಇನ್ನೂ ಹಲವರಿಗೆ ಕಣ್ಣಿಗೆ ಕಟ್ಟಿದಂತಿದ್ದರೆ ಅದಕ್ಕೆ ಬಂಡೆಗಳು ಕಾರಣವಲ್ಲ, ಅಲ್ಲಿಯವರೆಗೆ ದೃಶ್ಯದ ಮೇಲೆ ದೃಶ್ಯವಿಟ್ಟು ಕಟ್ಟಿದ ಋಣದ ಭಾರ ಕಾರಣ. ಅದು ನಾಗರವೋ ಕೇರೆಯೋ, ಬೇರೆ ಹಾವಂತೂ ಹೌದು. ಬೇರೆಯಾದದ್ದಕ್ಕೇ ಬೇರೆ ಪ್ರಶಸ್ತಿ.

ಆದರೆ ಈ ಮಾತನ್ನು ನಾನು ಚಿತ್ರ ನೋಡಿ ಹೇಳುತ್ತಿದ್ದೇನೆಯೇ ಹೊರತು ಚಿತ್ರಕಥೆ ಓದಿ ಅಲ್ಲ. ತ.ರಾ.ಸು. ಅವರ ಕಾದಂಬರಿ ಅಂಗಡಿಯಲ್ಲಿ ಸಿಗುತ್ತದೆ. ಪುಟ್ಟಣ್ಣನವರ ಬರಹದ ಪ್ರತಿ ನಮ್ಮಂಥ ಓದುಗನ ಕೈಗೆ ಎಂದೂ ಸಿಗಲಿಲ್ಲ. ಬರಹಕ್ಕೆ ಬಹುಮಾನ ಕೊಟ್ಟು ಬರಹವನ್ನು ಮಾತ್ರ ಯಾರಿಗೂ ತೋರಿಸದಿರುವ ವಿಚಿತ್ರ ಸಿನಿಮಾ ಲೋಕಕ್ಕೇ ಮೀಸಲು. ಕಾವ್ಯಕ್ಕೆ ಅಕಾಡೆಮಿ ಪ್ರಶಸ್ತಿ ಬಂದರೆ ಮರುದಿನ ಪುಸ್ತಕ ತರಿಸಿ ಓದಿ, ಇದಕ್ಕೆ ಕೊಡಬಾರದಿತ್ತು ಎಂದು ಜಗಳವನ್ನಾದರೂ ಆಡಬಹುದು. ಚಿತ್ರಕಥೆಯ ವಿಷಯದಲ್ಲಿ ನಮಗೆ ಜಗಳವಾಡುವ ಸುಖವೂ ಇಲ್ಲ.

ಕತೆಯ ಪ್ರಶಸ್ತಿಯ ಬಗ್ಗೆ ಒಂದು ಅಡ್ಡಮಾತು. ‘ಕಸ್ತೂರಿ ನಿವಾಸ’ದ ಕತೆ ತಮಿಳಿನ ಜಿ. ಬಾಲಸುಬ್ರಹ್ಮಣ್ಯಂ ಅವರದು. ಶಿವಾಜಿ ಗಣೇಶನ್ ಅವರಿಗೆಂದು ಮಾಡಿದ್ದ ಕತೆ ಕನ್ನಡಕ್ಕೆ ಬಂತು, 1971ರಲ್ಲಿ ಚಿ. ಉದಯಶಂಕರ್ ಸಂಭಾಷಣೆಯಲ್ಲಿ ರಾಜಕುಮಾರ್ ಚಿತ್ರವಾಯಿತು, ನಾಲ್ಕು ವರ್ಷಗಳ ಮೇಲೆ ‘ಅವನ್‌ದಾನ್ ಮನಿದನ್’ ಎಂದು ತಮಿಳಿಗೇ ಹಿಂದಿರುಗಿ ಶಿವಾಜಿಯವರದೇ ಚಿತ್ರವಾಯಿತು. ಪಾರಿವಾಳದ ಆ ಕತೆ ನಮ್ಮ ಘಾಟಿಯನ್ನು ಒಮ್ಮೆ ಹತ್ತಿ ಒಮ್ಮೆ ಇಳಿಯಿತೆನ್ನಿ. ಕತೆ ತಮಿಳರದೆಂದು ನಮ್ಮ ಕಡೆಯ ಕನ್ನಡಿಗನೊಬ್ಬನಿಗೆ ಹೇಳಿ ನೋಡಿ, ನಂಬುವುದಿಲ್ಲ. ಕನ್ನಡದ ಮಾತು ಅದನ್ನು ಅಷ್ಟರಮಟ್ಟಿಗೆ ನಮ್ಮದಾಗಿ ಮಾಡಿಬಿಟ್ಟಿದೆ.

ಈಗ ನಿಮ್ಮ ಕಡೆಯ ಒಂದು ಚಿತ್ರ. ಅಡೂರ್ ಗೋಪಾಲಕೃಷ್ಣನ್ ಅವರ ‘ವಿಧೇಯನ್’. 1993ರ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಕತೆಯ ಪ್ರಶಸ್ತಿ ಮೂಲ ಕಿರುಕಾದಂಬರಿ ಬರೆದ ಪಾಲ್ ಸಕರಿಯ ಅವರಿಗೆ, ಚಿತ್ರಕಥೆಯ ಪ್ರಶಸ್ತಿ ಅಡೂರರಿಗೆ ಬಂತು. ‘ನಾಗರಹಾವಿ’ನ ಜೊತೆಗಿಟ್ಟು ನೋಡಬೇಕಾದ ಜೋಡಿ. ಚಿತ್ರ ನಡೆಯುವುದು ದಕ್ಷಿಣ ಕನ್ನಡದಲ್ಲಿ. ಭಾಸ್ಕರ ಪಟೇಲರ್ ಕನ್ನಡದ ಜಮೀನ್ದಾರ. ತೊಮ್ಮಿ ಕೇರಳದಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕ್ರೈಸ್ತ. ಮೊದಲ ಭೇಟಿಯಲ್ಲಿಯೇ ಪಟೇಲರ್ ಅವನನ್ನು ಕರೆದು ಒದೆಯುತ್ತಾನೆ, ಉಗುಳುತ್ತಾನೆ. ಈ ಪಟೇಲರ್ ಆಡುವುದು ಕನ್ನಡ ಬೆರೆತ ಮಲೆಯಾಳ. ಮಮ್ಮುಟ್ಟಿಯವರ ಬಾಯಲ್ಲಿ ಆ ಒರಟು ಉಚ್ಚಾರಣೆಯೇ ಚಾಟಿಯಾಗುತ್ತದೆ. ಗಡಿನಾಡಿನಲ್ಲಿ ಭಾಷೆ ಬೆರೆಯುವುದನ್ನು ನಾವು ಸೌಹಾರ್ದವೆಂದು ವೇದಿಕೆಗಳಲ್ಲಿ ಹೊಗಳುತ್ತೇವೆ. ಒಂದೇ ನಾಲಗೆಯ ಮೇಲೆ ಎರಡು ಭಾಷೆ ಬೆರೆತು ಒಬ್ಬ ಬಡವನ ಬೆನ್ನು ಮುರಿಯಬಹುದು ಎಂಬುದನ್ನು ಈ ಚಿತ್ರಕಥೆ ಹೇಳುತ್ತದೆ. ಕನ್ನಡಿಗನನ್ನು ಕೆಟ್ಟವನಾಗಿ ತೋರಿಸಿದ್ದಾರೆ ಎಂದು ಮುಖ ಸಿಂಡರಿಸುವವರಿದ್ದರೆ ಅವರು ತೊಮ್ಮಿಯನ್ನು ಇನ್ನೊಮ್ಮೆ ನೋಡಬೇಕು. ತುಳಿಸಿಕೊಂಡವನೇ ತುಳಿದವನ ಸೆಂಟಿನ ವಾಸನೆಗೆ ಮರುಳಾಗುವ ಪಾತ್ರ ಅದು. ಅವನೂ ನಿರಪರಾಧಿಯಲ್ಲ.

ನನ್ನ ಮಲೆಯಾಳದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ತಮಿಳು ಬಲ್ಲವನ ಕಿವಿಗೆ ಮಲೆಯಾಳ ದೂರವೇನಲ್ಲ. ಅಕ್ಷರ ಕಲಿಸಿದವರು ನಮ್ಮ ಶಾಖೆಗೆ ಬಂದಿದ್ದ ಪಾಲಕ್ಕಾಡಿನ ಸಹೋದ್ಯೋಗಿಯೊಬ್ಬರು. ಅವರು ರಜೆಗೆ ಊರಿಗೆ ಹೋದಾಗ ಓದಲೆಂದು ತಂದುಕೊಟ್ಟದ್ದು ಕಾದಂಬರಿಯಲ್ಲ, ಎಂ. ಟಿ. ವಾಸುದೇವನ್ ನಾಯರ್ ಅವರ ಚಿತ್ರಕಥೆಯ ಪುಸ್ತಕ. ಚಿತ್ರಕಥೆಯನ್ನು ಕಾದಂಬರಿಯಂತೆ ಅಚ್ಚು ಹಾಕಿ ಮಾರುತ್ತಾರೆ, ಮನೆಗಳಲ್ಲಿ ಕಪಾಟಿನಲ್ಲಿಟ್ಟುಕೊಳ್ಳುತ್ತಾರೆ ಎಂಬುದೇ ನನಗೆ ಹೊಸ ವಿಷಯ. ಎಂ.ಟಿ. ಅವರವು, ಪದ್ಮರಾಜನ್ ಅವರವು, ಇನ್ನೂ ಹಲವರವು ಹೀಗೆ ಪುಸ್ತಕವಾಗಿವೆ. ರಾಷ್ಟ್ರೀಯ ಮಟ್ಟದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಶುರುವಾದದ್ದು 1967ರ ಚಿತ್ರಗಳಿಂದ. ಆ ಮೊದಲ ಪ್ರಶಸ್ತಿಯೇ ‘ಅಗ್ನಿಪುತ್ರಿ’ಗಾಗಿ ಎಸ್. ಎಲ್. ಪುರಂ ಸದಾನಂದನ್ ಅವರ ಮೂಲಕ ಮಲೆಯಾಳಕ್ಕೆ ಹೋಯಿತು. 2024ರ ಡಿಸೆಂಬರಿನಲ್ಲಿ ನಮ್ಮನ್ನಗಲಿದ ಎಂ.ಟಿ. ಅದನ್ನು ನಾಲ್ಕು ಸಲ ಪಡೆದರು: 1989ರಲ್ಲಿ ‘ಒರು ವಡಕ್ಕನ್ ವೀರಗಾಥ’, 1991ರಲ್ಲಿ ‘ಕಡವ್’, 1992ರಲ್ಲಿ ‘ಸದಯಂ’, 1994ರಲ್ಲಿ ‘ಪರಿಣಯಂ’.

ಇವುಗಳಲ್ಲಿ ‘ವಡಕ್ಕನ್ ವೀರಗಾಥ’ವನ್ನು ಚಿತ್ರಕಥೆ ಎಂದರೇನು ಎಂದು ಕೇಳುವ ಯಾರಿಗಾದರೂ ತೋರಿಸಬಹುದು. ಕತೆ ಉತ್ತರ ಮಲಬಾರಿನ ವಡಕ್ಕನ್ ಪಾಟ್ಟಿನದು, ಎಂದರೆ ಯಾರದೂ ಅಲ್ಲ, ಎಲ್ಲರದು. ಆ ಹಾಡುಗಳಲ್ಲಿ ಚಂದು ದ್ರೋಹಿ. ಎಂ.ಟಿ. ಅದೇ ಜನ, ಅದೇ ಅಂಕ, ಅದೇ ಸಾವುಗಳನ್ನಿಟ್ಟುಕೊಂಡು ಚಂದುವಿನ ಪಕ್ಕದಲ್ಲಿ ನಿಂತು ಹೇಳಿದರು. ಘಟನೆ ಬದಲಾಗುವುದು ಕಡಿಮೆ, ನಿಂತ ಜಾಗ ಬದಲಾದದ್ದರಿಂದ ದ್ರೋಹಿ ನೊಂದವನಾದ. ನಮ್ಮ ಕಡೆ ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯವನ್ನು ಯಾರಾದರೂ ಶ್ರವಣ ದೊರೆಯ ಪಕ್ಕದಲ್ಲಿ ನಿಂತು ಹೇಳಿದರೆ ಹೇಗಿರಬಹುದು, ಊಹಿಸಿ. ಅದಕ್ಕೆ ಎದೆಗಾರಿಕೆ ಬೇಕು. ಆ ಎದೆಗಾರಿಕೆ ಕತೆಯಲ್ಲಿಯೂ ಇಲ್ಲ, ಸಂಭಾಷಣೆಯಲ್ಲಿಯೂ ಇಲ್ಲ, ಅದು ಚಿತ್ರಕಥೆಯದು.

ಕನ್ನಡಕ್ಕೆ ಈ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ವಿರಳ. ಗಿರೀಶ ಕಾರ್ನಾಡರು 1977ರಲ್ಲಿ ಪಡೆದದ್ದು ಹಿಂದಿಯ ‘ಭೂಮಿಕಾ’ಕ್ಕೆ, ಶ್ಯಾಮ್ ಬೆನೆಗಲ್ ಮತ್ತು ಸತ್ಯದೇವ ದುಬೆ ಅವರ ಜೊತೆಯಲ್ಲಿ. ಮರುವರ್ಷ ‘ಗ್ರಹಣ’ಕ್ಕಾಗಿ ಟಿ. ಎಸ್. ರಂಗಾ ಮತ್ತು ಟಿ. ಎಸ್. ನಾಗಾಭರಣರಿಗೆ ಬಂತು, ನಾಗಾಭರಣರ ಮೊದಲ ಚಿತ್ರವದು. ಆ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಆರಂಭದಲ್ಲಿ ಹೇಳಿದ ‘ಕನಸೆಂಬ ಕುದುರೆಯನೇರಿ’. ಅಮರೇಶ ನುಗಡೋಣಿಯವರ ‘ಸವಾರಿ’ ಎಂಬ ಸಣ್ಣಕತೆ ಅದಕ್ಕೆ ಆಧಾರ. ಸ್ಮಶಾನದಲ್ಲಿ ಗುಂಡಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಿನಲ್ಲಿ ಸಾವಾಗುತ್ತದೆಂಬುದು ಅವನ ನಂಬಿಕೆ. ಕನಸು ಬೀಳುತ್ತದೆ, ಗೌಡರ ಮನೆಗೆ ಹೋಗುತ್ತಾನೆ, ಯಾರೂ ಸತ್ತಿಲ್ಲವೆಂದು ಹೇಳಿ ಕಳಿಸುತ್ತಾರೆ. ಕನಸು ಸುಳ್ಳಾಯಿತೆಂದರೆ ಅವನ ಬದುಕಿನ ಕಂಬವೇ ಅಲುಗಿದಂತೆ. ನಾವು ಪ್ರೇಕ್ಷಕರೂ ಅವನ ಜೊತೆಯಲ್ಲಿಯೇ ಹೊಸಲಿನ ಹೊರಗೆ ನಿಂತು ವಾಪಸು ಬರುತ್ತೇವೆ. ಆ ಮನೆಯೊಳಗೆ ಸಾವನ್ನು ಮುಚ್ಚಿಟ್ಟಿದ್ದರು ಎಂಬುದು ನಮಗೆ ಕಾಣುವುದು ಆಮೇಲೆ, ಅದೇ ಹೊತ್ತನ್ನು ಮನೆಯ ಒಳಗಡೆಯಿಂದ ಇನ್ನೊಮ್ಮೆ ತೋರಿಸಿದಾಗ. ಸಾಲಾಗಿ ಹೇಳಿದ್ದರೆ ಇದು ಉಳ್ಳವರ ಮೋಸದ ಇನ್ನೊಂದು ಕತೆಯಾಗುತ್ತಿತ್ತು. ಹೊರಗಿನವನ ನೋಟ ಮೊದಲು, ಒಳಗಿನ ನೋಟ ಆಮೇಲೆ ಎಂಬ ಒಂದು ಕ್ರಮದಿಂದ ನಾವು ಕೂಡ ಈರ್ಯಾನ ಮೇಲೆ ಅನುಮಾನಪಟ್ಟವರಾಗುತ್ತೇವೆ. ವೈಜನಾಥ ಬಿರಾದಾರರ ಮುಖ, ಉಮಾಶ್ರೀ ಅವರ ಸಿಟ್ಟು ಈ ಕ್ರಮದ ಮೇಲೆ ನಿಂತು ಫಲಿಸುತ್ತವೆ. ‘ಸ್ವಪ್ನ ಸಾರಸ್ವತ’ ಬರೆದ ಗೋಪಾಲಕೃಷ್ಣ ಪೈಯವರು ಆ ಕಾದಂಬರಿಗೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಕನ್ನಡ ಓದುವ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರಿಗೆ ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತೆಂಬುದು ಎಷ್ಟು ಮಂದಿಗೆ ಗೊತ್ತು? ಒಂದು ಪುಸ್ತಕವಾಗಿ ಕೈಗೆ ಬಂತು, ಇನ್ನೊಂದು ಬರಲಿಲ್ಲ. ವ್ಯತ್ಯಾಸ ಅಷ್ಟೆ.

ಕಾಸರಗೋಡಿನವರ ಮುಂದೆ ನಿಂತು ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರದ ಹೆಸರೆತ್ತದೆ ಹೋಗುವುದು ಹೇಗೆ? ರಿಷಬ್ ಶೆಟ್ಟರ ಈ ಚಿತ್ರ 2018ರದು. 66ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ಮಕ್ಕಳ ಚಿತ್ರವೆನಿಸಿತು. ನಮ್ಮ ತಾಳವಾಡಿಯಲ್ಲಿ ಇದನ್ನು ನೋಡಿದವರೆಲ್ಲ ಇದು ನಮ್ಮದೇ ಕತೆ ಎಂದರು. ನಾನೂ ಎಂದೆ. ಆದರೂ ಬರವಣಿಗೆಯ ದೃಷ್ಟಿಯಿಂದ ನೋಡುವಾಗ ಅದರಲ್ಲಿ ಎರಡು ಚಿತ್ರಗಳಿವೆ ಎನ್ನಬೇಕಾಗುತ್ತದೆ. ಮೊದಲ ಅರ್ಧದಲ್ಲಿ ಕನ್ನಡ ಬಾರದ ಮೇಷ್ಟರು ಕನ್ನಡ ಶಾಲೆಗೆ ಗಣಿತ ಕಲಿಸಲು ಬರುವುದು, ಮಕ್ಕಳು ಮಿಕಮಿಕ ನೋಡುವುದು, ಅವರ ತಂಟೆ, ಅವರ ಕಿಲಾಡಿತನ ಎಲ್ಲವೂ ತಾವೇ ಮಾತಾಡುತ್ತವೆ. ಯಾರೂ ಭಾಷಣ ಮಾಡುವುದಿಲ್ಲ, ಆದರೂ ಒಂದು ಶಾಲೆ ಹೇಗೆ ಸಾಯುತ್ತದೆ ಎಂದು ನಮಗೆ ಗೊತ್ತಾಗುತ್ತದೆ. ಎರಡನೆಯ ಅರ್ಧದಲ್ಲಿ ಮೈಸೂರಿನಿಂದ ಅನಂತನಾಗ್ ಬರುತ್ತಾರೆ, ನ್ಯಾಯಾಲಯದಲ್ಲಿ ವಾದಿಸುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಮೊದಲಾರ್ಧದ ಚಿತ್ರಕಥೆ ಕಾಣಿಸಿದ್ದನ್ನು ಎರಡನೆಯ ಅರ್ಧದ ಸಂಭಾಷಣೆ ಬಿಡಿಸಿ ಹೇಳುತ್ತದೆ. ಚಪ್ಪಾಳೆ ಬಿದ್ದದ್ದು ಎರಡನೆಯದಕ್ಕೆ. ಪ್ರಶಸ್ತಿ ಕೊಡುವಾಗ ನಾನಾದರೆ ಮೊದಲನೆಯದನ್ನು ನೋಡುತ್ತಿದ್ದೆ. ನಮ್ಮಲ್ಲಿ ಮುಚ್ಚುತ್ತಿರುವ ಶಾಲೆಗಳಿಗೆ ವಾದ ಮಾಡಲು ಮೈಸೂರಿನಿಂದ ಯಾರೂ ಬರುವುದಿಲ್ಲ ಎಂಬುದೂ ನನ್ನ ಈ ಅಭಿಪ್ರಾಯಕ್ಕೆ ಕಾರಣವಿದ್ದೀತು.

ಸಂಭಾಷಣೆಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಗಡಿನಾಡಿನ ಮಟ್ಟಿಗೆ ಮೂರರಲ್ಲಿ ಹೆಚ್ಚು ಮುಖ್ಯವಾದದ್ದು ಅದೇ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮನೆಯ ಹೊರಗಿನ ಕನ್ನಡ ಅವರ ಕಿವಿಗೆ ಬೀಳುವುದು ಸಿನಿಮಾದಿಂದ, ಧಾರಾವಾಹಿಯಿಂದ. ಅಲ್ಲಿ ಅವರು ಕೇಳುವ ಕನ್ನಡ ಯಾವುದು? ನಾಯಕ ನಾಯಕಿಯರದು ಬೆಂಗಳೂರಿನ ಅರ್ಧ ಇಂಗ್ಲಿಷು. ‘ಓಯ್ತೀನಿ ಕನಾ, ಬುಡ್ಲಾ’ ಎಂಬ ನಮ್ಮ ಸೀಮೆಯ ಮಾತು ಬಂದರೆ ಅದು ಅಡಿಗೆಯವನ ಬಾಯಲ್ಲಿ, ನಗಿಸಲಿಕ್ಕೆ. ಅಜ್ಜಿಯ ಮಾತಿನ ಹಾಗೆ ಮಾತಾಡುವವನು ತೆರೆಯ ಮೇಲೆ ಪೆದ್ದ ಎಂದು ಮಗುವಿಗೆ ತಿಳಿದ ದಿನ ಅದು ಅಜ್ಜಿಯೊಡನೆ ಮಾತು ಕಡಿಮೆ ಮಾಡುತ್ತದೆ. ಈ ಕಾರಣಕ್ಕೆ ‘ತಿಥಿ’ ಬಂದಾಗ ನಾನು ಹಿಗ್ಗಿದೆ. ಈರೇಗೌಡ ಮತ್ತು ರಾಮ್ ರೆಡ್ಡಿ ಬರೆದ, ಮಂಡ್ಯ ಸೀಮೆಯ ನೊದೆಕೊಪ್ಪಲಿನ ಹಳ್ಳಿಗರೇ ನಟಿಸಿದ ಚಿತ್ರವದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು, ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ಅಲ್ಲಿ ಜನ ನಗುತ್ತಾರೆ, ಆದರೆ ಮಾತಿನ ಧಾಟಿಗಲ್ಲ, ಮಾತಿನ ಮೊನಚಿಗೆ. ಆ ಸೀಮೆ ನಮಗೆ ದೂರವಿಲ್ಲ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಮೊಮ್ಮಗನ ಫೋನಿನಲ್ಲಿ ನೋಡಿ, ‘ಇದೇನಪ್ಪ, ಇವ್ರು ನಮ್ಮಂಗೇ ಮಾತಾಡ್ತಾರೆ’ ಎಂದರು. ಸಂಭಾಷಣೆಗೆ ನಾನು ಕಂಡ ದೊಡ್ಡ ಪ್ರಶಸ್ತಿ ಅದು.

ದೂರದರ್ಶನ, ಧಾರಾವಾಹಿಗಳ ಕಡೆಗೆ ಬಂದರೆ ವಿಷಯ ಇನ್ನೂ ತೆಳುವಾಗುತ್ತದೆ. ಆರ್. ಕೆ. ನಾರಾಯಣರ ಕತೆಗಳನ್ನು ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡಿದ್ದು, ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದ್ದು, ಟಿ. ಎನ್. ಸೀತಾರಾಂ ತಂಡದ ‘ಮಾಯಾಮೃಗ’ ಇವೆಲ್ಲ ಬರವಣಿಗೆ ಇದ್ದ ಕಾಲದವು. ಈಗ ವಾಹಿನಿಗಳು ವರ್ಷಕ್ಕೊಮ್ಮೆ ತಮ್ಮ ತಮ್ಮ ಕುಟುಂಬದೊಳಗೇ ಪ್ರಶಸ್ತಿ ಹಂಚಿಕೊಳ್ಳುತ್ತವೆ. ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಜೋಡಿ. ಅತ್ತೆ ವೇದಿಕೆ ಹತ್ತಿ ಕಣ್ಣೊರೆಸಿಕೊಳ್ಳುವಾಗ ನನಗೆ ಒಂದೇ ಯೋಚನೆ: ಐನೂರು ಕಂತುಗಳ ಉದ್ದಕ್ಕೂ ಈಕೆಗೆ ದಿನಕ್ಕೊಂದು ವಿಷದ ಮಾತು ಬರೆದುಕೊಟ್ಟ ಬಡಪಾಯಿ ಸಭಾಂಗಣದಲ್ಲಿ ಎಲ್ಲಿ ಕುಳಿತಿದ್ದಾನೆ? ಕೇರಳದಲ್ಲಿ ಸರ್ಕಾರವೇ ಚಲಚ್ಚಿತ್ರ ಅಕಾಡೆಮಿಯ ಮೂಲಕ ದೂರದರ್ಶನ ಕಾರ್ಯಕ್ರಮಗಳಿಗೆ ಪ್ರಶಸ್ತಿ ಕೊಡುತ್ತದೆ. 2021ರಲ್ಲಿ ಅಲ್ಲಿಯ ತೀರ್ಪುಗಾರರು, 2020ರ ಧಾರಾವಾಹಿಗಳಲ್ಲಿ ಒಂದೂ ಶ್ರೇಷ್ಠ ಎನ್ನಿಸುವಷ್ಟು ಗುಣದ್ದಲ್ಲ, ಹೆಂಗಸರನ್ನೂ ಮಕ್ಕಳನ್ನೂ ತೋರಿಸುವ ರೀತಿ ಸರಿಯಿಲ್ಲ ಎಂದು ಆ ಪ್ರಶಸ್ತಿಯನ್ನೇ ಯಾರಿಗೂ ಕೊಡಲಿಲ್ಲ. ಮಲೆಯಾಳಿಗಳ ಮೇಲೆ ನನಗೆ ಹೊಟ್ಟೆಕಿಚ್ಚು ಬಂದ ಸಂದರ್ಭಗಳಲ್ಲಿ ಅದೂ ಒಂದು. ಕೊಡದಿರುವ ಧೈರ್ಯವಿದ್ದ ಕಡೆ ಕೊಟ್ಟದ್ದಕ್ಕೆ ಬೆಲೆ ಬರುತ್ತದೆ.

ರೀಮೇಕುಗಳದು ಇನ್ನೊಂದು ಸಂಕಟ. 2004ರ ‘ಆಪ್ತಮಿತ್ರ’ವನ್ನು ನೋಡದ ಕನ್ನಡದ ಮನೆ ಇಲ್ಲ. ಅದರ ಬೇರು 1993ರ ಮಲೆಯಾಳದ ‘ಮಣಿಚ್ಚಿತ್ರತಾಳ್’. ಅದನ್ನು ಬರೆದ ಮಧು ಮುಟ್ಟಂ ಎಂಬ ಹೆಸರನ್ನು ನಮ್ಮಲ್ಲಿ ನೂರಕ್ಕೆ ಒಬ್ಬರು ಹೇಳಿಯಾರೇ? ನಾಗವಲ್ಲಿ ಎಲ್ಲರಿಗೂ ಗೊತ್ತು. ನಾಗವಲ್ಲಿಯನ್ನು ಕನಸಿದವನು ಗೊತ್ತಿಲ್ಲ.

ನಮ್ಮ ಬ್ಯಾಂಕಿನಲ್ಲಿ ನೂರು ರೂಪಾಯಿಯ ವೋಚರಿಗೂ ಬರೆದವನ ಸಹಿ ಬೇರೆ, ತಾಳೆ ನೋಡಿದವನ ಸಹಿ ಬೇರೆ. ಅಮೆರಿಕದಲ್ಲಿ ಚಿತ್ರ ಮತ್ತು ಟೆಲಿವಿಷನ್ನಿಗೆ ಬರೆಯುವವರ ಸಂಘವಿದೆ, ರೈಟರ್ಸ್ ಗಿಲ್ಡ್ ಎಂದು. ತೆರೆಯ ಮೇಲೆ ಲೇಖಕನೆಂದು ಯಾರ ಹೆಸರು ಬರಬೇಕು ಎಂಬ ತಕರಾರು ಎದ್ದರೆ ತೀರ್ಮಾನಿಸುವುದು ನಿರ್ಮಾಪಕನಲ್ಲ, ಆ ಸಂಘ. ಕರಡುಪ್ರತಿಗಳನ್ನೆಲ್ಲ ತರಿಸಿಕೊಂಡು ಲೇಖಕರೇ ಓದಿ ಹೇಳುತ್ತಾರೆ. 1949ರಿಂದ ಅದು ವರ್ಷ ವರ್ಷ ಪ್ರಶಸ್ತಿ ಕೊಡುತ್ತಿದೆ, ಬರೆಯುವವರಿಗೆ ಬರೆಯುವವರೇ ಕೊಡುವ ಪ್ರಶಸ್ತಿ. ಅಲ್ಲಿಯೂ ಎಲ್ಲ ನೆಟ್ಟಗಿತ್ತೆಂದಲ್ಲ. ರಾಜಕೀಯ ಕಾರಣಕ್ಕೆ ಕಪ್ಪುಪಟ್ಟಿಗೆ ಸೇರಿದ್ದ ಡಾಲ್ಟನ್ ಟ್ರಂಬೊ ‘ರೋಮನ್ ಹಾಲಿಡೇ’ ಕತೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಬರೆದರು, ಆಸ್ಕರ್ ಆ ಇನ್ನೊಬ್ಬರಿಗೆ ಹೋಯಿತು, ಟ್ರಂಬೊ ಹೆಸರಿಗೆ ಬಂದದ್ದು 1993ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳ ಮೇಲೆ. ಮುಂಬಯಿಯ ಚಿತ್ರಲೇಖಕರ ಸಂಘವೂ ಈಚೆಗೆ ಇದೇ ಬಗೆಯ ಪ್ರಶಸ್ತಿಗಳನ್ನು ಶುರು ಮಾಡಿದೆ. ಬೆಂಗಳೂರಿನಲ್ಲಿಯೂ ಬರಹಗಾರರೇ ಕುಳಿತು, ಬರಹದ ಪ್ರತಿಯನ್ನು ಕೈಯಲ್ಲಿ ಹಿಡಿದು ತೂಗುವಂತಾದರೆ ಒಳ್ಳೆಯದು. ಮುಗಿದ ಚಿತ್ರವನ್ನಷ್ಟೇ ನೋಡಿದವನಿಗೆ ಇದು ಬರೆದವನ ಜಾಣ್ಮೆಯೋ, ಸಂಕಲನಕಾರ ಕತ್ತರಿಯಿಂದ ಉಳಿಸಿದ ಮಾನವೋ ಎಂದು ಹೇಗೆ ಗೊತ್ತಾಗಬೇಕು?

ಹೊತ್ತಿಗೆ ಸರಿಯಾಗಿ ಕೊಡುವುದೂ ಮುಖ್ಯ. ಕರ್ನಾಟಕದ 2019ರ ಚಿತ್ರಗಳ ರಾಜ್ಯ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಶ್ರೇಷ್ಠ ನಟ ಸುದೀಪ್ ಪ್ರಶಸ್ತಿಯನ್ನು ಬೇಡವೆಂದದ್ದು ಎಲ್ಲ ಕಡೆ ಸುದ್ದಿಯಾಯಿತು. ಅದೇ ಪಟ್ಟಿಯಲ್ಲಿ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯ ಕತೆಗಾಗಿ ಜಯಂತ ಕಾಯ್ಕಿಣಿಯವರ ಹೆಸರಿತ್ತು. ಅವರ ‘ಹಾಲಿನ ಮೀಸೆ’ ಕತೆಯಿಂದ ಕಾಸರವಳ್ಳಿ ಮಾಡಿದ ಚಿತ್ರ. ಇಲ್ಲಿ ಇರಲೂ ಆರದ, ಅಲ್ಲಿಗೆ ಹೋಗಲೂ ಆರದ ಸ್ಥಿತಿ ಎಂದರೆ ಏನೆಂದು ನಮ್ಮ ನಿಮ್ಮಂಥ ಗಡಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಆರನೆಯ ವರ್ಷಕ್ಕೆ ಬಂದ ಬಹುಮಾನ ಆ ಚಿತ್ರದತ್ತ ಒಬ್ಬ ಹೊಸ ಪ್ರೇಕ್ಷಕನನ್ನಾದರೂ ತಂದಿತೇ ಎಂಬುದು ಅನುಮಾನ.

ಸರ್ಕಾರ ಪ್ರಶಸ್ತಿ ಪಡೆದ ಚಿತ್ರಕಥೆಯನ್ನು ಲೇಖಕರ ಒಪ್ಪಿಗೆಯಿಂದ ವರ್ಷಕ್ಕೊಂದು ಪುಸ್ತಕವಾಗಿ ತಂದರೆ ಹೆಚ್ಚು ಖರ್ಚಿಲ್ಲ. ಅದು ಆಗುವವರೆಗೆ ಈ ವಾರ್ಷಿಕದ ಸಂಪಾದಕರಲ್ಲಿ ನನ್ನದೊಂದು ಬೇಡಿಕೆ. ನಿಮ್ಮಲ್ಲಿ ಎರಡೂ ಲಿಪಿಯ ಅಚ್ಚುಕೂಟವಿದೆ, ಎರಡೂ ಓದುವ ಮನೆಗಳಿವೆ. ಹಕ್ಕುಳ್ಳವರನ್ನು ಕೇಳಿ ‘ವಿಧೇಯನ್’ನ ಆ ಮೊದಲ ಭೇಟಿಯ ದೃಶ್ಯವನ್ನು, ‘ಕನಸೆಂಬ ಕುದುರೆಯನೇರಿ’ಯಲ್ಲಿ ಈರ್ಯಾ ಗೌಡರ ಮನೆಯ ಬಾಗಿಲಿಗೆ ಬರುವ ದೃಶ್ಯವನ್ನು ಎಡಕ್ಕೆ ಮಲೆಯಾಳ, ಬಲಕ್ಕೆ ಕನ್ನಡವಾಗಿ ಅಚ್ಚು ಹಾಕಿ. ಎರಡರಲ್ಲಿಯೂ ಒಬ್ಬ ಬಡವ ದೊಡ್ಡವನೊಬ್ಬನ ಎದುರು ನಿಂತಿದ್ದಾನೆ. ಒಂದರಲ್ಲಿ ಒದೆ ಬೀಳುತ್ತದೆ, ಇನ್ನೊಂದರಲ್ಲಿ ಸುಳ್ಳು. ಪಕ್ಕಪಕ್ಕದಲ್ಲಿಟ್ಟು ಓದಲು ನನಗೆ ಆಸೆ. ಪುಟ ಸಾಲದಿದ್ದರೆ ಮುಂದಿನ ವರ್ಷ ನನ್ನ ಲೇಖನ ಬೇಡ, ಆ ಜಾಗವನ್ನು ಇದಕ್ಕೆ ಬಿಟ್ಟುಕೊಡುತ್ತೇನೆ.